ಮೊಮ್ಮಗುವಿನ ಹೊದಿಕೆಯಲ್ಲಿ ಬಂದೂಕು

ಊರಿಗೆ ಹೊರಟ ಮನೆಯಲ್ಲಿ ಗಂಡ ಹೆಂಡತಿಗೆ ಜಗಳ ಆಗಲಿಲ್ಲ ಅಂದರೆ ಏನೋ ಮರೆತಿದ್ದಾರೆ ಅಂತಲೇ ಅರ್ಥ. ಗಾರ್ಡಮ್ಮನ ಮನೆಯಲ್ಲೂ ಬೆಳಿಗ್ಗೆಯಿಂದ ಅದೇ ನಡೆದಿತ್ತು. ಮಂಚದ ಮೇಲೆ ಮೂರು ಬ್ಯಾಗು ಬಾಯಿ ತೆರೆದುಕೊಂಡು ಕೂತಿದ್ದವು. ಒಂದು ಅವಳದು, ಒಂದು ಗಂಡನದು. ಮೂರನೆಯ ಉದ್ದನೆಯ ನೀಲಿ ಬ್ಯಾಗು ಪೂರ್ತಿ ಹುಟ್ಟಲಿರುವ ಮಗುವಿನದು. ಟೋಪಿ, ಕಾಲುಚೀಲ, ಹಳೆಯ ಮೆತ್ತನೆ ಬಟ್ಟೆ ಸೇರಿಸಿ ಅವಳೇ ಕೈಯಾರೆ ಹೊಲಿದ ನಾಲ್ಕು ಹೊದಿಕೆ.

ಮಗಳು ಇದ್ದದ್ದು ಗಡಿಯಾಚೆಯ ದೇಶದಲ್ಲಿ. ಬಸ್ಸಿನಲ್ಲಿ ಆರು ಗಂಟೆ ದಾರಿ, ನಡುವೆ ಒಂದು ಸೇತುವೆ, ಸೇತುವೆಯ ಎರಡೂ ತುದಿಗೆ ಚೆಕ್‌ಪೋಸ್ಟು. ಹಿಂದೆ ಎರಡು ಸಲ ಅವಳಿಗೆ ಮಗು ಕೈಗೆ ಬಾರದೆ ಹೋಗಿತ್ತು. ಎರಡು ಸಲವೂ ಇವರು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದುಹೋಗಿತ್ತು. "ಅಮ್ಮಾ, ಈ ಸಲನಾದ್ರೂ ನೀವಿಬ್ರೂ ಮೊದ್ಲೇ ಬಂದ್ಬಿಡಿ. ನಂಗೆ ತುಂಬಾ ಭಯ ಆಗ್ತಿದೆ," ಅಂದಿದ್ದಳು ಫೋನಿನಲ್ಲಿ. ಅದನ್ನು ಕೇಳಿದಾಗಿನಿಂದ ಗಾರ್ಡಮ್ಮನಿಗೆ ಊಟ ಸೇರುತ್ತಿರಲಿಲ್ಲ. ಹೆರಿಗೆಗೆ ಇನ್ನೂ ಎರಡು ವಾರ ಇದೆ ಅಂತ ಡಾಕ್ಟರು ಹೇಳಿದ್ದರು. ಬಸ್ಸಿಗೆ ಇನ್ನು ನಾಲ್ಕು ದಿನ.

ಅವಳ ಗಂಡ ಇಪ್ಪತ್ತಾರು ವರ್ಷ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತವನು. ಬೀದಿಗೆಲ್ಲ ಅವನು ಗಾರ್ಡ್ ಅಣ್ಣ, ಆ ಲೆಕ್ಕದಲ್ಲಿ ಇವಳು ಗಾರ್ಡಮ್ಮ. ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಬಂದೂಕು ಅವನ ಸ್ವಂತದ್ದು, ಲೈಸೆನ್ಸೂ ಅವನ ಹೆಸರಿನದು. ವಾರಕ್ಕೊಮ್ಮೆ ತಪ್ಪದೆ ಅದಕ್ಕೆ ಎಣ್ಣೆ ಹಾಕಿ ಒರೆಸುತ್ತಿದ್ದ. ಹೆಂಡತಿಯ ತಲೆಗೆ ಎಣ್ಣೆ ಉಂಟೋ ಇಲ್ಲವೋ, ಅದನ್ನು ಯಾರು ಕೇಳಬೇಕು ಹೇಳಿ!

ಆವತ್ತು ಅವನು ಬಂದೂಕನ್ನು ಬಿಚ್ಚಿ ಎರಡು ಭಾಗ ಮಾಡಿ ಮಂಚದ ಮೇಲಿಟ್ಟ. "ಇದನ್ನೂ ಇಡು," ಅಂದ.

"ಹೆರಿಗೆ ಮನೆಗೆ ಬಂದೂಕು ಯಾಕ್ರೀ?"

"ಪಕ್ಕದ ಮನೇಗೆ ಕಳ್ಳ ನುಗ್ಗಿದ್ದ ಅಂತ ನಿನ್ನ ಮಗಳೇ ಹೇಳ್ಲಿಲ್ವಾ? ಅಳಿಯ ರಾತ್ರಿ ಪಾಳಿ. ಬಾಣಂತಿ, ಹಸುಗೂಸು ಇರೋ ಮನೆ. ನಾನೇನು ಅಲ್ಲಿ ಸುಮ್ನೆ ಕೂತು ನೊಣ ಹೊಡೀಲಾ?"

ಗಾರ್ಡಮ್ಮನಿಗೆ ಬೇಡ ಅನ್ನಬೇಕು ಅನ್ನಿಸಿತು. ಆದರೆ ಬಾಯಿ ಬಿಟ್ಟರೆ 'ನಿಂಗೇನು ಗೊತ್ತು' ಅನ್ನುತ್ತಾನೆ, ಮೂವತ್ತು ವರ್ಷದಿಂದ ಅದನ್ನೇ ಕೇಳಿ ಕಿವಿ ತೂತು ಬಿದ್ದಿದೆ. ಗೀರು ಬೀಳಬಾರದು ಅಂತ ಬಂದೂಕಿಗೆ ನಾಲ್ಕೂ ಹೊದಿಕೆ ಸುತ್ತಿ, ನೀಲಿ ಬ್ಯಾಗಿನ ತಳದಲ್ಲಿಟ್ಟು, ಮೇಲೆ ಟೋಪಿ ಕಾಲುಚೀಲ ಜೋಡಿಸಿದಳು.

ಅಷ್ಟರಲ್ಲಿ ಎದುರು ಮನೆಯ ಎಕ್ಸ್‌ರೇ ಅಕ್ಕ ಬಂದಳು. ಅವಳಿಗೆ ಆ ಹೆಸರು ಬೀದಿಯವರೇ ಇಟ್ಟದ್ದು. ಗಡಿಯ ಚೆಕ್‌ಪೋಸ್ಟಿನಲ್ಲಿ ಪ್ರಯಾಣಿಕರ ಬ್ಯಾಗು ಎಕ್ಸ್‌ರೇ ಮಷಿನ್‌ ಒಳಗೆ ಹೋಗುವಾಗ ಪರದೆ ನೋಡುತ್ತಾ ಕೂರುವುದು ಅವಳ ಕೆಲಸ. ರಜೆಯ ದಿನ ಅವಳು ದಾರಿಯಲ್ಲಿ ಸಿಕ್ಕರೆ ಜನ ಕೈಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡು ತಮಾಷೆ ಮಾಡುತ್ತಿದ್ದರು.

"ಅತ್ತಿಗೆ, ಮಗೂಗೆ ಸ್ವೆಟರ್ ಹೆಣೆದಿದ್ದೀನಿ. ಬಣ್ಣ ಹೇಗಿದೆ ನೋಡಿ," ಅನ್ನುತ್ತಾ ಅವಳೇ ನೀಲಿ ಬ್ಯಾಗಿಗೆ ಕೈ ಹಾಕಿ ಜಾಗ ಮಾಡಿದಳು. ಕೈ ಅಲ್ಲೇ ನಿಂತಿತು.

"ಇದೇನತ್ತಿಗೆ, ಇಷ್ಟು ಗಟ್ಟಿ?"

ಗಾರ್ಡಮ್ಮ ಗಂಡನ ಮುಖ ನೋಡಿದಳು. ಗಂಡ ಮೀಸೆ ತಿರುವಿದ. "ಬಂದೂಕು ಕಣಮ್ಮ. ಕದ್ದಿದ್ದಲ್ಲ. ಲೈಸೆನ್ಸ್ ಜೇಬಲ್ಲೇ ಇದೆ."

ಎಕ್ಸ್‌ರೇ ಅಕ್ಕ ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಅಂಚಿಗೆ ಕೂತಳು. "ಅಣ್ಣ, ಆ ಲೈಸೆನ್ಸ್ ಕೊಟ್ಟೋರು ಯಾರು?"

"ಸರ್ಕಾರದೋರು."

"ಯಾವ ಸರ್ಕಾರ?"

"ಇದೇನು ಪರೀಕ್ಷೆ? ನಮ್ಮ ಸರ್ಕಾರ."

"ಹಾಗಾದ್ರೆ ಅದು ನಮ್ಮ ಗಡಿ ತನಕ. ಸೇತುವೆ ದಾಟಿದ್ರೆ ಆಚೆಯವರ ಪಾಲಿಗೆ ಅದು ಬರೀ ಕಾಗದ. ಅವರ ದೇಶದೊಳಕ್ಕೆ ಬಂದೂಕು ಬರ್ಬೇಕು ಅಂದ್ರೆ ಅವರು ಮೊದ್ಲೇ ಅನುಮತಿ ಕೊಟ್ಟಿರ್ಬೇಕು. ಇಲ್ಲಿಂದ ಹೊರಗೆ ಒಯ್ಯೋಕೆ ನಮ್ಮವರನ್ನೂ ಕೇಳ್ಬೇಕು. ಬಸ್ಸಿನೋರೂ ಒಪ್ಪಬೇಕು. ನೀವು ಯಾರನ್ನ ಕೇಳಿದ್ದೀರಿ?"

"ನಾನೇನು ಬಚ್ಚಿಟ್ಟು ಒಯ್ತೀನಾ? ಕೇಳಿದ್ರೆ ತೆಗೆದು ತೋರಿಸ್ತೀನಿ!"

"ನಾಲ್ಕು ಹೊದಿಕೆ ಸುತ್ತಿ ಮಗುವಿನ ಬಟ್ಟೆ ಕೆಳಗೆ ಇಟ್ಟಿದ್ದೀರಿ. ಗೀರು ಬೀಳ್ದೇ ಇರ್ಲಿ ಅಂತ ಇಟ್ಟಿದ್ದು ಅಂತ ನಂಗೆ ಗೊತ್ತು. ಮಷಿನ್ನಿಗೆ ಗೊತ್ತಾ? ಅಲ್ಲಿರೋ ಅಧಿಕಾರಿಗೆ ಗೊತ್ತಾ? ಅವರ ಕಣ್ಣಿಗೆ ಇದು ಕಳ್ಳಸಾಗಣೆ."

ಗಾರ್ಡ್ ಅಣ್ಣ ನಕ್ಕುಬಿಟ್ಟ. "ಪರದೆ ಮುಂದೆ ಕೂರೋಳು ನೀನೇ ಅಲ್ವಾ? ಒಂದು ನಿಮಿಷ ಆಕಳಿಸು, ಮುಗೀತು."

ಎಕ್ಸ್‌ರೇ ಅಕ್ಕ ನಗಲಿಲ್ಲ. "ನಾನು ಆಕಳಿಸಿದ್ರೆ ನನ್ನ ಕೆಲಸ ಹೋಗುತ್ತೆ. ಆಚೆ ತುದೀಲೂ ಒಂದು ಮಷಿನ್ ಇದೆ, ಅಲ್ಲಿ ಕೂತೋಳು ನಿಮ್ಮ ಬೀದಿಯವಳಲ್ಲ." ಆಮೇಲೆ ಬ್ಯಾಗಿನ ಹಿಡಿಗೆ ಕಟ್ಟಿದ್ದ ಚೀಟಿ ತಿರುಗಿಸಿ ನೋಡಿದಳು. "ಈ ಬ್ಯಾಗಿನ ಮೇಲೆ ಹೆಸರು ಯಾರದ್ದು?"

"ನಂದು," ಅಂದಳು ಗಾರ್ಡಮ್ಮ.

"ಹಾಗಾದ್ರೆ ಅಣ್ಣ, ಮೊದ್ಲು ಪಕ್ಕಕ್ಕೆ ಕರೆಯೋದು ಅತ್ತಿಗೇನ. ನಮ್ಮ ಪೋಸ್ಟಲ್ಲಿ ಹೋದ ವರ್ಷ ಒಬ್ಬರು ಹಿರಿಯರು ಹೀಗೇ ಬಂದೂಕು ಇಟ್ಕೊಂಡು ಸಿಕ್ಕಿಬಿದ್ರು. ತಮ್ಮನ ಮದುವೆಗೆ ಹೊರಟಿದ್ದೋರು. ಒಳ್ಳೇ ಮನುಷ್ಯ, ಗೊತ್ತಿಲ್ದೇ ಮಾಡಿದ್ದು. ಗೊತ್ತಿರ್ಲಿಲ್ಲ ಅಂತ ಅತ್ತು ಕರೆದು ಮಾಡಿದ್ರು. ಬಸ್ಸು ಅವರನ್ನ ಬಿಟ್ಟು ಹೋಯ್ತು. ಮದುವೆ ಮುಗಿದು ಎಷ್ಟೋ ದಿನ ಆದ್ಮೇಲೆ ಅವರಿಗೆ ಜಾಮೀನು ಸಿಕ್ಕಿದ್ದು."

ಗಾರ್ಡ್ ಅಣ್ಣ ಹೆಂಡತಿಯ ಕಡೆ ನೋಡಿದ. ಗಾರ್ಡಮ್ಮನ ಕಣ್ಣು ತುಂಬಿ ಬಂದಿತ್ತು. ಮೂವತ್ತು ವರ್ಷ ನುಂಗಿಕೊಂಡ ಮಾತು ಆವತ್ತು ಹೊರಗೆ ಬಂತು.

"ರೀ, ನನ್ನನ್ನ ಲಾಕಪ್ಪಿಗೆ ಹಾಕಿದ್ರೆ ಹಾಕ್ಲಿ. ಅಲ್ಲಿ ಅವಳು ಒಬ್ಳೇ ನೋವು ತಿಂತಾ ಅಮ್ಮ ಎಲ್ಲಿ, ಅಪ್ಪ ಎಲ್ಲಿ ಅಂತ ದಾರಿ ನೋಡ್ತಿರ್ತಾಳೆ. ಮೂರನೇ ಸಲಾನೂ ನಾವು ಹೋಗಿ ಮುಟ್ಟದೇ ಇದ್ರೆ ಆ ಹುಡುಗಿಗೆ ಯಾವ ಮುಖ ತೋರಿಸ್ಲಿ?"

ಗಾರ್ಡ್ ಅಣ್ಣ ಗೋಡೆಗೆ ಒರಗಿದ. ಮಾತಾಡಿದಾಗ ದನಿ ಇಳಿದಿತ್ತು. "ಇಪ್ಪತ್ತಾರು ವರ್ಷ ಈ ಹೆಗಲ ಮೇಲಿದ್ದದ್ದು. ಅದು ಇಲ್ದೇ ಹೋದ್ರೆ ನಾನ್ಯಾರಮ್ಮ? ಒಬ್ಬ ಮುದುಕ. ಬರೀಗೈಲಿ ಮಗಳನ್ನ ಹೇಗೆ ಕಾಯ್ಲಿ?"

ಪಾಪ, ಅವನ ಸಂಕಟ ಅವನಿಗೆ. ಎಕ್ಸ್‌ರೇ ಅಕ್ಕನಿಗೂ ಅಯ್ಯೋ ಅನ್ನಿಸಿತು. "ಅಣ್ಣ, ಅವಳು ಅಪ್ಪ ಬೇಕು ಅಂದ್ಲೋ, ಗಾರ್ಡ್ ಬೇಕು ಅಂದ್ಲೋ?" ಅಂದಳು ಮೆಲ್ಲಗೆ. "ಕಳ್ಳರ ಭಯ ಇದ್ರೆ ಬಾಗಿಲಿಗೆ ಎರಡು ಗಟ್ಟಿ ಚಿಲಕ ಹಾಕ್ಕೊಡಿ. ಹೊರಗೊಂದು ದೀಪ ಹಾಕ್ಸಿ. ಅಲ್ಲಿನ ಪೊಲೀಸ್ ನಂಬರ್ ಗೋಡೆ ಮೇಲೆ ಬರೆದಿಡಿ."

"ಸ್ಕ್ರೂಡ್ರೈವರ್ ಆದ್ರೂ ಒಯ್ಯಬಹುದಾ, ಅದಕ್ಕೂ ಸರ್ಕಾರನ ಕೇಳ್ಬೇಕಾ?" ಅಂದ ಅವನು ಮುಖ ಊದಿಸಿಕೊಂಡು.

"ಧಾರಾಳವಾಗಿ ಒಯ್ಯಿರಿ. ಕೈಚೀಲದಲ್ಲಿ ಬೇಡ, ದೊಡ್ಡ ಬ್ಯಾಗಲ್ಲಿ ಹಾಕಿ."

ಗಾರ್ಡಮ್ಮ ಮೂಗು ಒರೆಸಿಕೊಂಡು ಕೇಳಿದಳು. "ಹಾಗಾದ್ರೆ ಗಡಿ ದಾಟಿ ಬಂದೂಕು ಒಯ್ಯೋರೇ ಇಲ್ವಾ?"

"ಇದ್ದಾರೆ ಅತ್ತಿಗೆ. ಗುರಿ ಹೊಡೆಯೋ ಸ್ಪರ್ಧೆಗೆ ಹೋಗೋರು ನಮ್ಮ ಪೋಸ್ಟಲ್ಲೇ ದಾಟ್ತಾರೆ. ವಾರಗಟ್ಟಲೆ ಮುಂಚೆ ಅರ್ಜಿ ಹಾಕಿ, ಎರಡೂ ದೇಶದ ಅನುಮತಿ ಕೈಯಲ್ಲಿ ಹಿಡ್ಕೊಂಡು ಬರ್ತಾರೆ. ನಡುವೆ ಇನ್ನೊಂದು ದೇಶ ಸಿಕ್ಕಿದ್ರೆ ಅಲ್ಲೀದೂ ಬೇಕು. ಬಂದೂಕು ಖಾಲಿ ಮಾಡಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೇಲಿ ಇಟ್ಟಿರ್ತಾರೆ, ಗುಂಡು ಬೇರೆ ಕಡೆ. ನಾವು ಕೇಳೋಕೆ ಮುಂಚೆ ಅವರೇ ಬಂದು ಹೇಳ್ತಾರೆ. ಒಂದೊಂದು ದೇಶದ್ದು ಒಂದೊಂದು ನಿಯಮ, ಅದನ್ನ ಆಯಾ ದೇಶದ ಕಚೇರೀಲೇ ಕೇಳಿ ತಿಳ್ಕೋಬೇಕು. ನಿಮಗಿರೋದು ನಾಲ್ಕೇ ದಿನ. ಆಗೋ ಮಾತಲ್ಲ."

"ಮತ್ತೆ ಇದನ್ನ ನಿಮ್ಮನೇಲಿ ಇಟ್ಕೋ," ಅಂದ ಗಾರ್ಡ್ ಅಣ್ಣ.

"ಅಯ್ಯೋ, ನನ್ನ ಹೆಸರಲ್ಲಿ ಲೈಸೆನ್ಸ್ ಇದೆಯಾ? ಬೀಗ ಹಾಕಿದ ಮನೇಲೂ ಬಿಡ್ಬೇಡಿ. ಪೊಲೀಸ್ ಸ್ಟೇಷನ್ನಿಗೆ ಹೋಗಿ ಕೇಳಿ, ಒಪ್ಪಿಸಿ ರಸೀದಿ ತಗೊಳ್ಳಿ. ಬಂದ್ಮೇಲೆ ರಸೀದಿ ಕೊಟ್ಟು ವಾಪಸ್ ತಗೊಳ್ಳಿ. ಇನ್ನೊಂದು ವಿಷ್ಯ. ಮೂರೂ ಬ್ಯಾಗು ತಲೆಕೆಳಗು ಮಾಡಿ ಕೊಡವಿ. ಬಂದೂಕು ಇಲ್ದೇ ಬರೀ ಒಂದು ಗುಂಡು ಸಿಕ್ಕಿ ತೊಂದರೆಗೆ ಬಿದ್ದೋರನ್ನ ನಾನು ಕಣ್ಣಾರೆ ನೋಡಿದ್ದೀನಿ."

"ನನ್ನ ಬ್ಯಾಗಲ್ಲಿ ಗುಂಡಾ? ಒಂದೊಂದು ಗುಂಡನ್ನೂ ಮ್ಯಾನೇಜರ್ ಎದುರು ಎಣಿಸಿಟ್ಟೋನು ನಾನು," ಅಂತ ಗಾರ್ಡ್ ಅಣ್ಣ ಗುರ್ ಅಂದ. ಆದರೂ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಸ್ಟೇಷನ್ನಿಗೆ ಹೋದರು. ಅಲ್ಲಿದ್ದ ಪೊಲೀಸ್ ಲೈಸೆನ್ಸ್ ನೋಡಿ, ಬಂದೂಕಿನ ನಂಬರ್ ಬರೆದುಕೊಂಡು, ಮನೆಯಲ್ಲಿದ್ದ ಹನ್ನೆರಡು ಗುಂಡನ್ನೂ ಎಣಿಸಿ ರಸೀದಿ ಕೊಟ್ಟ. "ವಾರಕ್ಕೊಂದ್ಸಲ ಎಣ್ಣೆ ಹಾಕಿ ಸ್ವಾಮಿ," ಅಂದ ಗಾರ್ಡ್ ಅಣ್ಣ. ಪೊಲೀಸ್ ತಲೆ ಎತ್ತಿ ನೋಡಿದ ನೋಟಕ್ಕೆ ಗಾರ್ಡಮ್ಮ ಗಂಡನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ಮನೆಗೆ ಬಂದವಳೇ ನೆಲಕ್ಕೆ ಬಿಳಿ ಬೆಡ್‌ಶೀಟು ಹಾಸಿ ಒಂದೊಂದೇ ಬ್ಯಾಗು ಕವುಚಿ ಕೊಡವಿದಳು. ಗಂಡನದು ಡ್ಯೂಟಿಗೆ ಒಯ್ಯುತ್ತಿದ್ದ ಹಳೇ ಬ್ಯಾಗು. ಬಾಚಣಿಗೆ ಬಿತ್ತು, ಅಂಗಿಯ ಗುಂಡಿ ಬಿತ್ತು, ಯಾವುದೋ ಕಾಲದ ಬಸ್ ಟಿಕೆಟ್ ಬಿತ್ತು. "ನೋಡಿದ್ಯಾ? ಏನೂ ಇಲ್ಲ," ಅಂದ ಅವನು. ಗಾರ್ಡಮ್ಮ ಬ್ಯಾಗಿನ ಒಳಪದರ ತಡವಿದಳು. ಮೂಲೆಯಲ್ಲಿ ಹೊಲಿಗೆ ಬಿಟ್ಟಿತ್ತು. ಅದರೊಳಗೆ ಬೆರಳು ತೂರಿಸಿ ಎಳೆದರೆ ಕೆಂಪು ಪ್ಲಾಸ್ಟಿಕ್ ಕವಚದ ಗುಂಡೊಂದು ಕೈಗೆ ಬಂತು.

ಗಾರ್ಡ್ ಅಣ್ಣನ ಮುಖ ಸುಣ್ಣದ ಹಾಗಾಯಿತು. ಎಷ್ಟು ವರ್ಷದಿಂದ ಅಲ್ಲಿತ್ತೋ ಅವನಿಗೂ ಗೊತ್ತಿಲ್ಲ. ಗುಂಡನ್ನು ಅವಳ ಕೈಯಿಂದ ತೆಗೆದುಕೊಂಡು, "ನಿಂಗೇನು ಗೊತ್ತು ಅಂತಿದ್ದೆ ನಾನು. ನೀನು ನೋಡ್ದೇ ಇದ್ದಿದ್ರೆ ನನ್ನ ಕಥೆ ಮುಗೀತಿತ್ತು ಕಣೇ," ಅಂದ. ಚಪ್ಪಲಿ ಮೆಟ್ಟಿಕೊಂಡು, ಅದನ್ನು ಒಪ್ಪಿಸಲು ಎರಡನೇ ಸಲ ಸ್ಟೇಷನ್ನಿಗೆ ನಡೆದ.

ನಾಲ್ಕನೇ ದಿನ ಬೆಳಿಗ್ಗೆ ಬಸ್ಸು ಗಡಿ ಮುಟ್ಟಿತು. ಎಲ್ಲರನ್ನೂ ಇಳಿಸಿ ಸಾಲು ನಿಲ್ಲಿಸಿದರು. ಸಮವಸ್ತ್ರ ಹಾಕಿಕೊಂಡು ಕೂತಿದ್ದ ಎಕ್ಸ್‌ರೇ ಅಕ್ಕ ಗುರುತಿನ ನಗು ಕೂಡ ನಗಲಿಲ್ಲ. ಎಲ್ಲರನ್ನೂ ಕೇಳಿದ ಹಾಗೆ ಇವರನ್ನೂ ಕೇಳಿದಳು. "ಆಯುಧ, ಗುಂಡು ಏನಾದ್ರೂ ಇದೆಯಾ?"

"ಇಲ್ಲ ಮೇಡಂ," ಅಂದ ಗಾರ್ಡ್ ಅಣ್ಣ.

ನೀಲಿ ಬ್ಯಾಗು ಮಷಿನ್‌ ಆಚೆಗೆ ಬರುವುದಕ್ಕೂ ಗಾರ್ಡಮ್ಮನ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಅಳಿಯನ ದನಿ ನಡುಗುತ್ತಿತ್ತು. "ಅತ್ತೆ, ಬೆಳಿಗ್ಗೆಯಿಂದ ನೋವು ಶುರುವಾಗಿದೆ. ಆಸ್ಪತ್ರೇಲಿದ್ದೀವಿ. ಆಪರೇಷನ್ ಮಾಡ್ಬೇಕಾಗುತ್ತೆ ಅಂತಿದ್ದಾರೆ. ನೀವು ಎಲ್ಲಿದ್ದೀರಿ?" ಗಂಡ ಅವಳ ಭುಜ ಹಿಡಿದು ಬಸ್ಸು ಹತ್ತಿಸಿದ. ಇಪ್ಪತ್ತೇ ನಿಮಿಷದಲ್ಲಿ ಬಸ್ಸು ಹೊರಟಿತು. ಸೇತುವೆಯ ಆಚೆ ತುದಿಯ ತಪಾಸಣೆಯೂ ತಡೆಯಿಲ್ಲದೆ ಮುಗಿಯಿತು.

ಇವರು ಓಡೋಡಿ ಆಸ್ಪತ್ರೆ ಮೆಟ್ಟಿಲು ಹತ್ತಿದಾಗ ಮಗಳನ್ನು ಸ್ಟ್ರೆಚರ್ ಮೇಲೆ ತಳ್ಳಿಕೊಂಡು ಹೊರಟಿದ್ದರು. ಅವಳು ಎರಡೂ ಕೈಯಲ್ಲಿ ಪಕ್ಕದ ಕಂಬಿ ಬಿಗಿಯಾಗಿ ಹಿಡಿದುಕೊಂಡು, "ಸ್ವಲ್ಪ ತಡೀರಿ, ನಮ್ಮಪ್ಪ ಅಮ್ಮ ಬರ್ತಾರೆ," ಅಂತ ನರ್ಸನ್ನು ಗೋಗರೆಯುತ್ತಿದ್ದಳು. ಇವರನ್ನು ನೋಡಿದ್ದೇ ಕಂಬಿ ಬಿಟ್ಟು ಅಪ್ಪನ ಕೈಗಳೆರಡನ್ನೂ ಹಿಡಿದುಕೊಂಡಳು. "ಈ ಸಲ ಬಂದ್ರಲ್ಲ ಅಪ್ಪಾ," ಅಂದಳು. ಗಾರ್ಡ್ ಅಣ್ಣ ತಲೆಯಾಡಿಸಿದ.

ಒಂದು ಗಂಟೆಯ ಮೇಲೆ ಒಳಗಿನಿಂದ ಮಗುವಿನ ಅಳು ಕೇಳಿತು. ನರ್ಸು ಹೊರಗೆ ಬಂದು ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂದಳು. ಗಾರ್ಡಮ್ಮ ಕೂತಲ್ಲೇ ಕೈ ಮುಗಿದಳು. ಅಷ್ಟು ವರ್ಷದಲ್ಲಿ ಗಂಡ ಬಿಕ್ಕಿ ಬಿಕ್ಕಿ ಅತ್ತದ್ದನ್ನು ಅವಳು ಆವತ್ತೇ ಮೊದಲು ನೋಡಿದ್ದು.

ಕೇಳಿದಿರಲ್ಲ, ಅಣ್ಣಂದಿರೇ, ಅಕ್ಕಂದಿರೇ. ನಿಮ್ಮ ಮನೆಯಲ್ಲೂ ಲೈಸೆನ್ಸ್ ಇರುವ ಬಂದೂಕು ಇರಬಹುದು. ಗಡಿ ದಾಟುವ ಪ್ರಯಾಣ ಇದ್ದರೆ ಟಿಕೆಟ್ ತೆಗೆಸುವ ಮೊದಲೇ ಎರಡೂ ದೇಶದ ಕಚೇರಿಗಳಲ್ಲಿ ವಿಚಾರಿಸಿ. ಅನುಮತಿ ಕಾಗದದ ಮೇಲೆ ಇರಲಿ, ಯಾರೋ ಬಾಯಲ್ಲಿ ಹೇಳಿದ್ದು ಸಾಲದು. ಅನುಮತಿ ಸಿಗದಿದ್ದರೆ ಒಪ್ಪಿಸಬೇಕಾದಲ್ಲಿ ಒಪ್ಪಿಸಿ, ರಸೀದಿ ಪಡೆದು ಹೊರಡಿ. ಹಳೇ ಬ್ಯಾಗಿನ ಮೂಲೆ, ಕೋಟಿನ ಜೇಬು ಎಲ್ಲ ಕೊಡವಿ ನೋಡಿ. ಮನೆಯ ಹೆಂಗಸು 'ಇದು ಸರಿಯಾ?' ಅಂತ ಕೇಳಿದರೆ ಗದರಿಸಬೇಡಿ, ಕೂತು ಕೇಳಿಸಿಕೊಳ್ಳಿ. ಗಡಿಯ ಆಚೆ ನಿಮ್ಮವರು ಯಾರೋ ಕಾಯುತ್ತಿದ್ದಾರೆ. ನೀವು ಹೋಗಿ ಮುಟ್ಟಬೇಕು, ಅಷ್ಟೇ.