ಮೂವತ್ತು ದಿನಕ್ಕೆ ಏಳು ಕರಿಕಂಬಳಿ

ಸಿದ್ದೀಕಾಳ ಬಲಗಣ್ಣನ್ನು ಎರಡು ವರ್ಷದ ಹಿಂದೆ ತೆಗೆದಿದ್ದರು. ಈಗ ಎಡಗಣ್ಣಿಗೂ ಅದೇ ಗಡ್ಡೆ. ಜೂನ್ ಹನ್ನೆರಡಕ್ಕೆ ಅದನ್ನೂ ತೆಗೆಯುವುದೆಂದು ಹೈದರಾಬಾದಿನ ಡಾಕ್ಟರರು ದಿನ ಕೊಟ್ಟರು. ಊರು ಬಿಡುವುದು ಹತ್ತರ ಬೆಳಿಗ್ಗೆ. ಮೇ ಎಂಟರಂದು ಸಿಂದಗಿಯ ತವರುಮನೆಯಲ್ಲಿ ಅವಳು ತಂದೆ ಖಾಜಾಸಾಬನಿಗೆ ಒಂದೇ ಮಾತು ಹೇಳಿದಳು: "ಅಬ್ಬಾ, ಕರಿಕಂಬಳಿ ಏಳೂ ನೋಡಬೇಕು."

'ಕರಿಕಂಬಳಿ' ಹೆಸರಿನ ಏಳು ಸಿನಿಮಾಗಳು 1991ರಿಂದ 2008ರವರೆಗೆ ಬಂದವು. ಕಂಬಳಿಯಿಂದ ಮುಖ ಮುಚ್ಚಿಕೊಂಡ ಕುದುರೆ ಸವಾರನ ಕಥೆ. ಏಳನೆಯದರ ಕೊನೆಗೆ ಮಾತ್ರ ಅವನ ಮುಖ ಕಾಣುತ್ತದೆ. ಏಳನ್ನೂ ಸಿಂದಗಿಯ ಟಾಕೀಜಿನಲ್ಲಿ ಓಡಿಸಿದವನು ಖಾಜಾಸಾಬ. ಅಲ್ಲಿ ಇಪ್ಪತ್ತೆಂಟು ವರ್ಷ ಆಪರೇಟರ್ ಆಗಿದ್ದ. ಮನೆ ಟಾಕೀಜಿನ ಹಿಂದಿನ ಗೋಡೆಗೆ ಹತ್ತಿಕೊಂಡೇ ಇತ್ತು. ಸೀಟಿ ಹೊಡೆಯುವ ಗಂಡಸರ ನಡುವೆ ಆಪರೇಟರನ ಮಗಳು ಕೂತಳೆಂಬ ಮಾತು ಬರಬಾರದೆಂದು ಅವಳನ್ನು ಒಳಗೆ ಬಿಡುತ್ತಿರಲಿಲ್ಲ. ಸಿದ್ದೀಕಾ ಗೋಡೆಗೆ ಬೆನ್ನು ಹಚ್ಚಿ ಏಳನ್ನೂ ಕೇಳಿದಳು. ಡೈಲಾಗು ಬಾಯಿಪಾಠವಾದವು. ನೋಡಿದ್ದು ಒಂದೂ ಇಲ್ಲ. ಆಮೇಲೆ ಬಸವನ ಬಾಗೇವಾಡಿಗೆ ಮದುವೆಯಾಗಿ ಹೋದಳು, ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿದಳು, ಯಾವಾಗಾದರೂ ನೋಡಿದರಾಯಿತೆಂದು ಬಿಟ್ಟಳು.

ಈಗ ದಿನಕ್ಕೆ ಒಮ್ಮೆ, ಅರ್ಧ ತಾಸು ಮಾತ್ರ ನೋಡಲು ಆಗುತ್ತಿತ್ತು. ಅದು ಮೀರಿದರೆ ಕಣ್ಣಲ್ಲಿ ನೀರಿಳಿದು ಎಲ್ಲ ಮಸುಕಾಗುತ್ತಿತ್ತು.

ಇಂಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ತಮ್ಮ ತೌಸಿಫ ಏಳನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದು ಮನೆಯ ಟೀವಿಗೆ ಸಿಕ್ಕಿಸಿದ. "ನಾಕನೇದು ಮೊದಲ ಹಾಕೋಣು. ಅದ್ರಾಗ ಅವನ ಸಣ್ಣಂದಿನ ಕಥಿ ಐತಿ. ಕಥಿ ಪ್ರಕಾರ ಅದ ಮೊದಲು."

"ರೀಲಿನ ಪೆಟ್ಟಿಗಿ ಬಂದ ಪ್ರಕಾರ ಹಾಕ್ಬೇಕಲೇ," ಎಂದ ಖಾಜಾಸಾಬ. "ಒಂದಾದ ಮ್ಯಾಲೆ ಎರಡು. ಮೊಬೈಲ್ ಬಿಚ್ಚಾಂವ ನನಗ ಸಿನಿಮಾ ಕಲಸ್ತಾನ!"

"ಹಂಗಾರ ಏಳನೇದು ಮೊದಲ ಹಾಕ್ರಿ. ಮುಖಾನರ ನೋಡ್ಲಿ ಆಪಾ," ಎಂದು ತೌಸಿಫ ಅಕ್ಕನ ಕಡೆ ನೋಡಿದ.

"ಬರೇ ಮುಖ ನೋಡಿ ಏನ್ ಮಾಡ್ಲೋ?" ಎಂದಳು ಸಿದ್ದೀಕಾ. "ಅದು ಯಾರ ಮುಖ ಅಂತ ಗೊತ್ತಾಗ್ಬೇಕಲ್ಲ. ಅಬ್ಬಾ ಹೇಳಿದ್ದ ಖರೆ."

ಖಾಜಾಸಾಬ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದ. ಒಂದು ಸಿನಿಮಾ ಎರಡು ತಾಸು ಐದು ನಿಮಿಷ. ಏಳಕ್ಕೆ ಮೂವತ್ತು ದಿನ. ಮರುದಿನದಿಂದ ಊರು ಬಿಡುವವರೆಗೆ ಕೈಯಲ್ಲಿ ಮೂವತ್ತೆರಡು ದಿನವಿದ್ದವು. ಎರಡು ದಿನ ರಕ್ತ ತಪಾಸಣೆಗೆ ವಿಜಯಪುರಕ್ಕೆ ಹೋಗಬೇಕಿತ್ತು. ಸರಿಯಾಗಿ ಹೊಂದಿತು. ಆಪರೇಟರನ ಲೆಕ್ಕವೆಂದು ತೌಸಿಫನೂ ಮತ್ತೆ ತಾಳೆ ನೋಡಲಿಲ್ಲ.

ಐದನೇ ದಿನ ಮೊದಲ ಭಾಗ ಐದೇ ನಿಮಿಷದಲ್ಲಿ ಮುಗಿಯಬೇಕಿತ್ತು. ಅರ್ಧ ತಾಸು ಕಳೆದರೂ ಮುಗಿಯಲಿಲ್ಲ. ಪರದೆಯ ಮೇಲೆ ಹುಡುಗಿಯೊಬ್ಬಳು ಸವಾರನ ಕುದುರೆಗೆ ನೀರು ಕುಡಿಸುತ್ತಿದ್ದಳು.

"ಇಕಿ ಯಾರು?" ಎಂದು ಕೇಳಿದಳು ಸಿದ್ದೀಕಾ. "ಮೊನ್ನಿಂದ ನಡುನಡುವ ಬರಾಕತ್ತಾಳ. ಅಣ್ಣಾ ಅಂತಾಳ. ಇವಗ ತಂಗಿ ಇದ್ಲಾ?"

ಖಾಜಾಸಾಬ ಕ್ಯಾಲೆಂಡರ್ ತಿರುವಿ ತನ್ನ ಲೆಕ್ಕ ನೋಡಿದ.

"ಅಬ್ಬಾ?"

"ಯಂಕಂಚಿಗೆ ಕಡೀ ಬಸ್ ರಾತ್ರಿ ಒಂಬತ್ತಕ್ಕ ಇತ್ತು," ಎಂದ ಅವನು. "ಪೂರಾ ಹಾಕಿದ್ರ ಹಳ್ಳಿ ಮಂದಿ ನಡು ಆಟದಾಗ ಎದ್ದು ಹೋಗ್ತಿದ್ರು. ಅದಕ್ಕ ಪ್ರತಿ ಆಟಕ್ಕ ಮೂರು ರೀಲು ಹಾಕದ ಬಿಡ್ತಿದ್ದೆ. ತಂಗಿ ಬಂದ್ಲಂದ್ರ ಮಂದಿ ಬೀಡಿ ಸೇದಾಕ ಹೊರಗ ಹೋಗ್ತಿದ್ರು. ಅವನ್ನ ಬಿಟ್ಟೆ."

"ಏಳೂದ್ರಾಗ?"

"ಎಲ್ಲಾದ್ರಾಗೂ ಮೂರು."

ತೌಸಿಫ ಮೊಬೈಲಿನಲ್ಲಿ ಒಂದೊಂದರ ಅವಧಿ ನೋಡಿದ. ಎಲ್ಲವೂ ಹೆಚ್ಚುಕಡಿಮೆ ಎರಡು ತಾಸು ಮೂವತ್ತೈದು ನಿಮಿಷ. ಏಳಕ್ಕೆ ಮೂವತ್ತೇಳು ದಿನ ಬೇಕು. "ಇಪ್ಪತ್ತೆಂಟು ವರ್ಷ ಊರಿಗೇ ಟೊಪ್ಪಿಗಿ ಹಾಕೀರಿ ಅಬ್ಬಾ," ಎಂದವನು ಅಕ್ಕನ ಮುಖ ನೋಡಿ ದನಿ ಇಳಿಸಿದ. "ಎರಡು ಭಾಗ ಬಿಡೋಣು ಆಪಾ. ಏಳನೇದು ಪೂರಾ ಸಿಗ್ತದ."

"ಯಾವ ಎರಡು ಬಿಡ್ಲಿ ಅಬ್ಬಾ?"

ಆಪರೇಟರ್ ಸಿನಿಮಾ ನೋಡುವವನಲ್ಲ. ರೀಲು ಮುಗಿಯುವ ಚುಕ್ಕೆ ಬಂತೇ ಎಂದು ಪರದೆಯ ಮೂಲೆ ನೋಡುವವನು. ಬಿಟ್ಟ ರೀಲುಗಳನ್ನಂತೂ ಖಾಜಾಸಾಬ ಹಾಕಿಯೇ ಇರಲಿಲ್ಲ. ಯಾವ ಭಾಗದಲ್ಲಿ ಏನು ಹೋಗುತ್ತದೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಹಂಗಾರ ಬಿಡೂದು ಬ್ಯಾಡ," ಎಂದಳು ಅವಳು. "ಆ ಹುಡುಗಿ ಏನಾಕ್ಕಾಳ ನೋಡಬೇಕು ನಾ."

ದಿನಕ್ಕೆ ಅರ್ಧ ತಾಸಿನಂತೆ ಎರಡು, ಮೂರು, ನಾಲ್ಕು, ಐದು ಮುಗಿದವು. ತಂಗಿ ಪ್ರತಿ ಭಾಗದಲ್ಲೂ ಇದ್ದಳು. ಆರನೆಯದರಲ್ಲಿ ವೈರಿಗಳು ಅವಳನ್ನು ಕೋಟೆಯೊಳಗೆ ಕಾಳು ತುಂಬಿಡುವ ನೆಲಗುಂಡಿಯಾದ ಹಗೇವಿನಲ್ಲಿ ಇಳಿಸಿ ಮೇಲೆ ಬಂಡೆ ಎಳೆದರು. ಅಲ್ಲಿಗೆ ಜೂನ್ ಎಂಟು. ಆರನೆಯದರಲ್ಲೇ ಇನ್ನೂ ಒಂದು ತಾಸು ಬಾಕಿ ಇತ್ತು. ಉಳಿದದ್ದು ಒಂದೇ ದಿನ.

ಒಂಬತ್ತರ ಮುಂಜಾನೆ ತೌಸಿಫ ಕೇಳಿದ, "ಯಾವುದ ಹಾಕ್ಲಿ ಆಪಾ?"

ಹಗೇವಿನ ಅರ್ಧ ಕಥೆಗಿಂತ ಪೂರ್ತಿ ಮುಖ ಮೇಲು ಎಂದು ಅವಳು ಲೆಕ್ಕ ಹಾಕಿದಳು. "ಏಳನೇದರ ಕೊನೀದು ಹಾಕು."

ಇಪ್ಪತ್ತನೇ ನಿಮಿಷಕ್ಕೆ ಸವಾರ ಕಂಬಳಿ ತೆಗೆದ. ನಲವತ್ತೈದರ ಸುಮಾರಿನ ಒಬ್ಬ ಗಂಡಸು. ಕೆನ್ನೆಯ ಮೇಲೆ ಬಣ್ಣದ ಗಾಯ, ಅಂಟಿಸಿದ ಮೀಸೆ. ಪರದೆಯ ಮಂದಿ ಮೊಣಕಾಲೂರಿದರು.

"ಇವನ?" ಎಂದಳು ಸಿದ್ದೀಕಾ. ಮೊಣಕಾಲೂರಿದವರನ್ನೆಲ್ಲ ನೋಡಿ, "ತಂಗಿ ಎಲ್ಲಿ ಅದಾಳ?"

ಆ ಗುಂಪಿನಲ್ಲಿ ಅವಳು ಇರಲಿಲ್ಲ. ತೌಸಿಫ ಹಿಂದೆ ಮುಂದೆ ಓಡಿಸಿ ಹುಡುಕಿದ. ಎಲ್ಲೂ ಇರಲಿಲ್ಲ.

"ಆರನೇದು ಹಾಕ ಜಲ್ದಿ."

ಹಾಕಿದರು. ಹಗೇವಿನ ಬಾಯಿ ಕಾಣಿಸಿತು, ಬಂಡೆಗೆ ಹಗ್ಗ ಬಿಗಿಯುವ ಕೈಗಳು ಕಾಣಿಸಿದವು. ಸಿದ್ದೀಕಾ ಸೆರಗಿನಿಂದ ಕಣ್ಣೊತ್ತಿಕೊಂಡಳು, ಮತ್ತೆ ಒತ್ತಿಕೊಂಡಳು. ಟೀವಿಯ ಹತ್ತಿರ ಸರಿದು ಕೂತಳು. ಇನ್ನೂ ಹತ್ತಿರ ಸರಿದಳು.

"ಮಂಜಾತು," ಎಂದಳು.

"ನಾ ನೋಡಿ ಹೇಳ್ತೇನಿ ಆಪಾ," ಎಂದ ತೌಸಿಫ.

"ಬ್ಯಾಡ. ಬಂದ್ ಮಾಡು."

ಖಾಜಾಸಾಬ ಎದ್ದು ಬಂದ್ ಮಾಡಿದ. ಹೊತ್ತು ಇನ್ನೂ ಹನ್ನೊಂದೂ ಆಗಿರಲಿಲ್ಲ. ಬಸ್ಸು ಮರುದಿನ ಮುಂಜಾನೆ ಐದೂವರೆಗೆ.