ಹಳೆಯ ಪಂಚಾಂಗ ನೋಡಿ ಕೊರೆಸಿದ ಬೋರು

ಬೇಸಿಗೆ ಬಂತೆಂದರೆ ನಮ್ಮ ಧರ್ಮಪುರಿ ಕಡೆ ಹೆಂಗಸರಿಗೆ ನೀರಿನದೇ ಚಿಂತೆ. ಅದಿಯಮಾನ್‌ಕೋಟೆಯಿಂದ ಒಳಗೆ ನಡೆದರೆ ಸಿಗುವ ಕಲ್ಲಟ್ಟಿಯಲ್ಲಿ ತೊಂಬತ್ತಾರರ ಯುಗಾದಿ ಕಳೆದ ಮೇಲೆ ಒಬ್ಬಳ ಚಿಂತೆ ಬೇರೆ ಥರದ್ದಾಗಿತ್ತು. ನೀರಿಲ್ಲ ಅಂತಲ್ಲ. ನೀರು ಬರುತ್ತದೆ ಅಂತ.

ಊರ ಮೇಲಿನ ಬಂಡೆಯ ಪಕ್ಕದಲ್ಲಿ ಆಳವಾದ ಬೋರು ಕೊರೆದಾಗಿತ್ತು. ಪೈಪು ಬಂದಿತ್ತು. ಶುಕ್ರವಾರ ಮೋಟಾರು ಹಾಕುವುದು, ಅವತ್ತೇ ಹಳೆಯ ಮೆಟ್ಟಿಲು ಬಾವಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದು ಮುಚ್ಚುವುದು ಅಂತ ತೀರ್ಮಾನವಾಗಿತ್ತು. ಕುರಿ ಸಾಕುವ ಆ ಹಟ್ಟಿಯಲ್ಲಿ ಎಲ್ಲರೂ ಒಪ್ಪಿದ್ದರು. ಲಕ್ಷ್ಮಕ್ಕ ಒಬ್ಬಳು ಒಪ್ಪಿರಲಿಲ್ಲ.

ಬಾವಿ ಮುಚ್ಚಬೇಕು ಅಂದವರು ಇಂಜಿನಿಯರ್ ಮಧ್ವರಾಜ. ಸೇಲಂನವರು, ನೀರಿನ ಇಲಾಖೆಯಲ್ಲಿ ತಲೆ ನರೆತವರು. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುತ್ತಿದ್ದ ಜನರ ಕಾಲಿನಲ್ಲಿ ಉದ್ದನೆಯ ಹುಳ ಹೊರಡುತ್ತಿತ್ತು. ನಾರುಹುಣ್ಣು ಅನ್ನುತ್ತಿದ್ದರು. ಆಗ ಮಧ್ವರಾಜ ಊರೂರು ತಿರುಗಿ ಅಂಥ ಬಾವಿಗಳನ್ನು ಮುಚ್ಚಿಸಿ ಬೋರು ಹಾಕಿಸಿದರು. ಹುಳ ಹೋಯಿತು. ಜನ ಅವರ ಕಾಲಿಗೆ ಬಿದ್ದರು. ಆವತ್ತಿಗೆ ಅದು ಸರಿಯಾದ ಕೆಲಸವೇ. ಆಳಕ್ಕೆ ಹೋದಷ್ಟೂ ನೀರು ಶುದ್ಧ ಅನ್ನುವ ಮಾತು ಅವರ ತಲೆಯಲ್ಲಿ ಅಲ್ಲೇ ಗಟ್ಟಿಯಾಗಿ ಕೂತಿತು. ಆಮೇಲೆ ಅದನ್ನು ಯಾರೂ ಅಲುಗಾಡಿಸಲಿಲ್ಲ. ಅವರೂ ಅಲುಗಾಡಿಸಲು ಬಿಡಲಿಲ್ಲ.

ಮಂಗಳವಾರ ಅವರು ಪೈಪು ನೋಡಲು ಬಂದಾಗ ಲಕ್ಷ್ಮಕ್ಕ ಮೊಮ್ಮಗಳ ಕೈ ಹಿಡಿದುಕೊಂಡು ಎದುರು ನಿಂತಳು. ಹುಡುಗಿ ಭಾಗ್ಯಲಕ್ಷ್ಮಿ ಲಕ್ಷ್ಮಕ್ಕನ ಮಗಳ ಮಗಳು, ಗುಡ್ಡದಾಚೆಯ ಹಟ್ಟಿಯವಳು. ಆ ಹಟ್ಟಿಗೂ ಬೋರು ಹಾಕಿಸಿದವರು ಮಧ್ವರಾಜರೇ. ಹುಡುಗಿ ಹುಟ್ಟಿದಾಗಿನಿಂದ ಕುಡಿದದ್ದು ಅದೇ ನೀರು.

ಬಾಯಿ ತೆರೆ ಅಂದರೆ ಹುಡುಗಿ ತೆರೆಯಲಿಲ್ಲ. ಅಜ್ಜಿ ಗದರಿದ ಮೇಲೆ ತೆರೆದಳು. ಹಲ್ಲೆಲ್ಲ ತುಕ್ಕು ಹಿಡಿದ ತಗಡಿನ ಹಾಗಿತ್ತು. ಕೂತರೆ ಏಳಲು ಮೊಣಕಾಲು ನೋವು ಅನ್ನುತ್ತಾಳೆ ಅಂತಲೂ ಲಕ್ಷ್ಮಕ್ಕ ಹೇಳಿದಳು.

ಬೇವಿನ ಕಡ್ಡಿಯಲ್ಲಿ ಚೆನ್ನಾಗಿ ಉಜ್ಜಲಿ ಅಂದರು ಮಧ್ವರಾಜ.

“ಉಜ್ಜಿ ಉಜ್ಜಿ ರಕ್ತಾನೇ ಬಂತು ಸಾರ್, ಕರೆ ಓಗ್ಲಿಲ್ಲ. ಕಾಯ್ಸಿ ಕುಡೀರಿ ಅಂತ ನೀವೇ ಅಂದಿದ್ರಿ. ನನ್ ಮಗ್ಳು ಒಂದ್ ದಿನಾನೂ ತಪ್ಪಿಸ್ನಿಲ್ಲ. ಆದ್ರೂ ಈ ಮಗೀಗೆ ಯಾಕೆ ಇಂಗಾಯ್ತು?”

ಮಧ್ವರಾಜ ಪೈಪಿನ ಕಡೆ ತಿರುಗಿದರು. ಅಷ್ಟರಲ್ಲಿ ಲಕ್ಷ್ಮಕ್ಕನ ತಮ್ಮ, ಊರಿನ ದೊಡ್ಡವನಾದ ಮಾದಯ್ಯ ಬಾಯಿ ಹಾಕಿದ.

“ಸುಮ್ನಿರಕ್ಕಾ. ಇಂಜಿನಿಯರ್ ಸಾರ್‌ಗೇ ಪಾಠ ಏಳ್ತೀಯಾ? ನಿಂಗೆ ಬಿಂದ್ಗೆ ಒರೋದು ಇಷ್ಟ ಅಂದ್ರೆ ಒರು. ಮಿಕ್ಕೋರಿಗೆ ಪೈಪ್ ತಣ್ಣಿ ಬೇಕು.”

ಜನ ನಕ್ಕರು. ಲಕ್ಷ್ಮಕ್ಕ ನಗಲಿಲ್ಲ. ಮನೆಯಲ್ಲಿ ಅವಳ ಮಗ ಸುರೇಶನ ಕೂಸು ಈಗಷ್ಟೇ ಲೋಟ ಹಿಡಿದು ನೀರು ಕುಡಿಯಲು ಕಲಿತಿತ್ತು. ಶುಕ್ರವಾರದಿಂದ ಅದು ಕುಡಿಯುವುದು ಯಾವ ನೀರು? ಅವಳಿಗೆ ಬೇರೆ ಏನೂ ಗೊತ್ತಿರಲಿಲ್ಲ. ಭಯ ಮಾತ್ರ ಗೊತ್ತಿತ್ತು.

ಆ ಭಯ ಸಂಜೆ ಮಧ್ವರಾಜರ ಜೊತೆ ಸೇಲಂ ಬಸ್ಸು ಹತ್ತಿತು. ಮನೆಯಲ್ಲಿ ಶಿವರಾಮನ್ ಕಾದಿದ್ದರು. ಇಬ್ಬರೂ ಒಂದೇ ಆಫೀಸು. ಇಂಜಿನಿಯರುಗಳ ಸಂಘದಲ್ಲಿ ಒಂದು ನಿಯಮ ಬಂದಿತ್ತು. ಸದಸ್ಯರು ಪ್ರತಿ ವರ್ಷ ತಮ್ಮ ಕೆಲಸದಲ್ಲಿ ಹೊಸದೇನು ಬಂದಿದೆ ಅಂತ ತರಬೇತಿಗೆ ಹೋಗಿ ಕಲಿಯಲೇಬೇಕು. ಗುರುವಾರ ಸೇಲಂನಲ್ಲೇ ಕುಡಿಯುವ ನೀರಿನ ತರಗತಿ ಇದೆ, ಈ ಸಲವಾದರೂ ಬನ್ನಿ ಅಂತ ಕರೆಯಲು ಬಂದಿದ್ದರು.

“ನಂದು ಪಾಠ ಹೇಳೋ ವಯಸ್ಸು ಶಿವರಾಮನ್” ಅಂದರು ಮಧ್ವರಾಜ. “ಚಿಕ್ಕ ಹುಡುಗರ ಜೊತೆ ಬೆಂಚ್ ಮೇಲೆ ಕೂತ್ಕೋಬೇಕಾ? ನೆಲದೊಳಗಿನ ಕಲ್ಲು ಬದಲಾಗಿದ್ಯಾ?”

“ಕಲ್ಲು ಬದಲಾಗಿಲ್ಲ. ನಾವು ಎಷ್ಟು ಆಳಕ್ಕೆ ಹೋಗ್ತೀವಿ ಅನ್ನೋದು ಬದಲಾಗಿದೆ.”

ಶಿವರಾಮನ್ ಹೋದ ವರ್ಷದ ತರಗತಿಯಲ್ಲಿ ತಾವು ಕಲಿತದ್ದನ್ನು ಹೇಳಿದರು. ನಮ್ಮ ಕಡೆಯ ಬಂಡೆಯಲ್ಲಿ ಫ್ಲೋರೈಡ್ ಇದೆ. ಆಳದ ನೀರಿನಲ್ಲಿ ಅದು ಹೆಚ್ಚಾಗಿ ಕರಗಿರಬಹುದು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಮಕ್ಕಳ ಹಲ್ಲಿಗೆ ಕರೆ ಹಿಡಿಸುತ್ತದೆ, ಹೆಚ್ಚಾದರೆ ಮೂಳೆಗೂ ಇಳಿಯುತ್ತದೆ. ಅದು ಕ್ರಿಮಿಯಲ್ಲ, ಕಾಯಿಸಿದರೆ ಸಾಯುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಅದು ಪಾತ್ರೆಯಲ್ಲೇ ಉಳಿದು ಇನ್ನೂ ದಟ್ಟವಾಗುತ್ತದೆ.

ಕಾಯಿಸಿದರೆ ಅನ್ನುವ ಮಾತು ಕೇಳಿ ಮಧ್ವರಾಜರ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಳಿಯಿತು. ಕಲ್ಲಟ್ಟಿಯ ನೀರಿಗೆ ಕ್ರಿಮಿ ಪರೀಕ್ಷೆ ಆಗಿತ್ತು, ಉಪ್ಪಿನ ಪರೀಕ್ಷೆ ಆಗಿತ್ತು. ಇದರ ಪರೀಕ್ಷೆಯನ್ನು ಅವರು ಮಾಡಿಸಿಯೇ ಇರಲಿಲ್ಲ. ಆದರೂ ಗುರುವಾರ ತುಂಬಾ ಕೆಲಸವಿದೆ ಅಂದರು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕಮಲಿನಿ ಗೋಡೆಯ ಮೊಳೆಗೆ ತೂಗುಹಾಕಿದ್ದ ಪಂಚಾಂಗ ತೋರಿಸಿದರು.

“ರೀ, ಯುಗಾದಿಗೆ ಕಡೈವೀದಿ ಅಂಗಡಿ ಎಲ್ಲಾ ಅಲೆದು ಹೊಸ ಪಂಚಾಂಗ ತಂದ್ರಲ್ಲ, ಯಾಕೆ? ಹೋದ ವರ್ಷದ್ದು ನೋಡ್ಕೊಂಡೇ ಏಕಾದಶಿ ಮಾಡಬಹುದಿತ್ತು. ಅದೇ ಸೂರ್ಯ, ಅದೇ ಚಂದ್ರ ತಾನೇ?”

ಮಧ್ವರಾಜ ಎದ್ದು ಪಂಚಾಂಗದ ಹತ್ತಿರ ಹೋದರು. ಅವರ ಮನೆಯಲ್ಲಿ ಹಳೆಯ ಪಂಚಾಂಗ ನೋಡಿ ಯಾರೂ ಒಂದು ಹೊತ್ತಿನ ಊಟ ಬಿಟ್ಟವರಲ್ಲ. ಆದರೆ ಹಳೆಯ ಪಾಠ ನೋಡಿ ಅವರು ಊರೂರಿಗೇ ನೀರು ಕುಡಿಸಿದ್ದರು.

ಬುಧವಾರ ಅವರೇ ಹೋಗಿ ಎರಡು ಹಟ್ಟಿಯ ಬೋರಿನ ನೀರನ್ನೂ ಮೆಟ್ಟಿಲು ಬಾವಿಯ ನೀರನ್ನೂ ಬಾಟಲಿಗಳಲ್ಲಿ ತುಂಬಿ ತಂದರು. ಉತ್ತರ ಕೈಗೆ ಬರುವ ಮೊದಲೇ ಶುಕ್ರವಾರದ ಕೆಲಸ ನಿಲ್ಲಿಸಿ ಅನ್ನಲು ಅವರ ಬಿಗುಮಾನ ಬಿಡಲಿಲ್ಲ. ಗುರುವಾರ ಹಿಂದಿನ ಬೆಂಚಿನಲ್ಲಿ ಕೂತರು. ಪಾಠ ಮಾಡಿದವಳು ಅಪರ್ಣಾ ಅನ್ನುವ ಎಳೆಯ ವಯಸ್ಸಿನ ಅಧ್ಯಾಪಕಿ. ಪರದೆಯ ಮೇಲೆ ಒಂದು ಮಗುವಿನ ಬಾಯಿಯ ಚಿತ್ರ ಬಂತು. ಯಾವ ಊರಿನ ಮಗುವೋ. ಮಧ್ವರಾಜರಿಗೆ ಭಾಗ್ಯಲಕ್ಷ್ಮಿಯೇ ಕಂಡಳು. ಅಪರ್ಣಾ ಬಾಟಲಿಗಳನ್ನು ತೆಗೆದುಕೊಂಡು ಪರೀಕ್ಷೆ ಮಾಡಿ ನಾಳೆ ಬೆಳಿಗ್ಗೆ ಹೇಳುತ್ತೇನೆ ಅಂದಳು.

ಶುಕ್ರವಾರ ಬೆಳಿಗ್ಗೆ ಉತ್ತರ ಸಿಕ್ಕಿತು. ಎರಡು ಬೋರಿನ ನೀರಿನಲ್ಲೂ ಫ್ಲೋರೈಡ್ ಮಿತಿ ಮೀರಿತ್ತು. ಮುಚ್ಚಲು ಹೊರಟಿದ್ದ ಬಾವಿಯಲ್ಲಿ ಮಿತಿಯೊಳಗಿತ್ತು.

ಕಲ್ಲಟ್ಟಿಯಲ್ಲಿ ಫೋನಿಲ್ಲ. ಮಧ್ವರಾಜ ಸಿಕ್ಕಿದ ಬಸ್ಸು ಹತ್ತಿದರು. ತೊಪ್ಪೂರು ಘಾಟಿನಲ್ಲಿ ಲಾರಿಯೊಂದು ಕೆಟ್ಟು ಅಡ್ಡ ನಿಂತಿತ್ತು. ಹಿಂದೆ ಸಾಲು, ಮುಂದೆ ಸಾಲು. ಕಂಡಕ್ಟರ್ ಆರಾಮಾಗಿ ಕೆಳಗಿಳಿದು ಬೀಡಿ ಹಚ್ಚಿದ. ಮಧ್ವರಾಜ ಕಿಟಕಿಯ ಸರಳು ಹಿಡಿದು ಕೂತರು. ಅಲ್ಲಿ ಮಣ್ಣಿನ ಲಾರಿ ಬಂದಿರುತ್ತದೆ. ಮೋಟಾರು ಹಾಕಿರುತ್ತಾರೆ. ಒಬ್ಬರ ಮನೆಯ ಕೂಸು ಲೋಟಕ್ಕೆ ಕೈ ಚಾಚಿರುತ್ತದೆ.

ಅವರು ಬೆವರಿಳಿಸಿಕೊಂಡು ಹಟ್ಟಿಗೆ ನಡೆದು ಬಂದಾಗ ನಲ್ಲಿಗೆ ಹೂವು ಕಟ್ಟಿತ್ತು. ಹೆಂಗಸರು ಬಿಂದಿಗೆ ಹಿಡಿದು ನಿಂತಿದ್ದರು. ಬಾವಿಯ ಹತ್ತಿರ ಲಾರಿ ಹಿಮ್ಮುಖವಾಗಿ ನಿಂತು ಮೊದಲ ಮಣ್ಣು ಆಗಲೇ ಮೆಟ್ಟಿಲ ಮೇಲೆ ಜಾರಿತ್ತು. ಮಧ್ವರಾಜ ಲಾರಿಗೂ ಬಾವಿಗೂ ನಡುವೆ ಹೋಗಿ ನಿಂತರು. ನಲ್ಲಿಯ ನೀರನ್ನು ಯಾರೂ ಕುಡಿಯಬೇಡಿ ಅಂದರು.

ಮಾದಯ್ಯನಿಗೆ ರೇಗಿತು. “ಎನ್ನ ಸಾರ್ ಇದು, ಆಟಾನಾ? ಬೋರೇ ಬೇಕು ಅಂದೋರು ನೀವು. ಈಗ ಬೇಡ ಅನ್ನೋರೂ ನೀವೇ. ಯಾವ್ದನ್ನ ನಂಬೋದು?”

“ಇವತ್ತಿಂದು ನಂಬು ಮಾದಯ್ಯ. ನಾನು ಕಲ್ತಿದ್ದು ಆ ಕಾಲಕ್ಕೆ ಸರಿ ಇತ್ತು. ಆಮೇಲೆ ನಾನು ಕಲೀಲೇ ಇಲ್ಲ.”

ಪರೀಕ್ಷೆಯಲ್ಲಿ ಕಂಡದ್ದನ್ನು ಅವರು ಎಲ್ಲರಿಗೂ ಬಿಡಿಸಿ ಹೇಳಿದರು. ಲಾರಿಯ ಮಣ್ಣು ವ್ಯರ್ಥವಾಗಲಿಲ್ಲ. ಯಾರೂ ನೀರಿಗೆ ಕಾಲಿಡದ ಹಾಗೆ ಮೆಟ್ಟಿಲುಗಳನ್ನಷ್ಟೇ ಅದರಿಂದ ಮುಚ್ಚಿಸಿದರು. ಬಾವಿಯ ಸುತ್ತ ಕಟ್ಟೆ, ಮೇಲೆ ರಾಟೆ, ನೀರಿಗೆ ಬ್ಲೀಚಿಂಗ್ ಪೌಡರ್ ಅಂತ ನಿಂತಲ್ಲೇ ಏರ್ಪಾಟು ಮಾಡಿದರು. ಬೋರಿನ ನೀರು ಬಟ್ಟೆ ಒಗೆಯಲು ಮಾತ್ರ. ಗುಡ್ಡದಾಚೆಯ ಹಟ್ಟಿಗೆ ಬೇರೆ ನೀರು ಸಿಗುವವರೆಗೆ ಟ್ಯಾಂಕರ್ ಕಳಿಸಲು ಆಮೇಲೆ ಆಫೀಸಿನಲ್ಲಿ ಮೇಲಿನವರ ಹತ್ತಿರ ಕೂಗಾಡಿ ಒಪ್ಪಿಸಿದರು. ಮಾದಯ್ಯ ಗೊಣಗುತ್ತಲೇ ಕಟ್ಟೆಗೆ ಕಲ್ಲು ಹೊತ್ತ.

ಎಲ್ಲ ಮುಗಿದ ಮೇಲೆ ಲಕ್ಷ್ಮಕ್ಕ ಬಂದಳು. ಪಕ್ಕದಲ್ಲಿ ಭಾಗ್ಯಲಕ್ಷ್ಮಿ.

“ಇವ್ಳ ಅಲ್ಲು ಸರಿಯಾಯ್ತದಾ ಸಾರ್?”

“ಇಲ್ಲಮ್ಮ. ಕರೆ ಹೋಗಲ್ಲ. ಕಾಲು ನೋವಿಗೆ ಧರ್ಮಪುರಿ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ.”

ಹುಡುಗಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಲಕ್ಷ್ಮಕ್ಕನ ಮನೆಯೊಳಗೆ ಸುರೇಶನ ಕೂಸು ಬಾವಿ ನೀರು ಕುಡಿದು ಲೋಟವನ್ನು ನೆಲಕ್ಕೆ ಕುಟ್ಟುತ್ತಿತ್ತು.

ಇಂಜಿನಿಯರ್ ಸಾರುಗಳೇ, ನಿಮ್ಮ ಡಿಗ್ರಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿ, ಬೇಡ ಅನ್ನುವುದಿಲ್ಲ. ಆದರೆ ಪ್ರತಿ ವರ್ಷ ಹೋಗಿ ಬೆಂಚಿನ ಮೇಲೆ ಕೂತುಕೊಳ್ಳಿ. ಅದರಲ್ಲಿ ಅವಮಾನವಿಲ್ಲ. ನೀವು ಕಲಿಯದೆ ಬಿಟ್ಟದ್ದು ನಿಮ್ಮ ಮೈಗೆ ತಟ್ಟುವುದಿಲ್ಲ, ನಮ್ಮ ಮಕ್ಕಳ ಮೂಳೆಗೆ ಇಳಿಯುತ್ತದೆ. ಊರಿನ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೆ ಬೋರು, ಸೇತುವೆ, ಶಾಲೆಯ ಕಟ್ಟಡ ಏನೇ ಬರಲಿ, ಕಟ್ಟಿಸಲು ಬಂದವರಿಗೆ ಕುಡಿಯಲು ಮಜ್ಜಿಗೆ ಕೊಡಿ. ಕೊಟ್ಟು ಕೇಳಿ: ಸಾರ್, ಈ ವರ್ಷ ನೀವು ಏನು ಹೊಸದಾಗಿ ಕಲಿತಿರಿ? ಅವರು ಉತ್ತರ ಕೊಡುವವರೆಗೆ ಬಾವಿ ಮುಚ್ಚಲು ಬಿಡಬೇಡಿ.