ಹೊಸ್ತಿಲಿಗೆ ಮುಟ್ಟದ ವೈರು

"ಅಲ್ಲೇ ನಿಂದ್ರ ಬೋಸುಡಿ. ಹೊಸ್ತಿಲ ಮ್ಯಾಲ ಕಾಲ ಇಟ್ಟಿ ಅಂದ್ರ ಮುರದ ಕೈಯಾಗ ಕೊಡ್ತೇನಿ."

ಗೌಡ ಅಂದದ್ದು ರೇಣವ್ವನಿಗೆ. ಆಕೆ ಇನ್ನೂ ಕಾಲು ಇಟ್ಟಿರಲಿಲ್ಲ, ಬರೀ ಇಣುಕಿದ್ದಳು. ಮುಂಜಾನೆಯಿಂದ ಬಿಸಿಲಲ್ಲಿ ನಿಂತು ನೆತ್ತಿ ಸುಟ್ಟಿತ್ತು. ಬೆನ್ನ ಹಿಂದೆ ಕೇರಿಯ ಹದಿಮೂರು ಮಂದಿ ನಿಂತಿದ್ದರು.

ಸರಕಾರದ ಕಂಪ್ಯೂಟರಿಗೆ ಊರಲ್ಲಿ ಬೇರೆ ಜಾಗವೇ ಇರಲಿಲ್ಲ ನೋಡಿ, ಗೌಡನ ಮನೆಯ ಹೊರಕೋಣೆಯೇ ಬೇಕಾಯಿತು. ಬಾಡಿಗೆ ಗೌಡನಿಗೆ, ನೌಕರಿ ಗೌಡನ ಮಗ ಪ್ರಭುಲಿಂಗನಿಗೆ. ಗೋಡೆಯ ಮೇಲೆ ಬ್ಯಾನರ್: 'ಸರಕಾರ ನಿಮ್ಮ ಮನೆ ಬಾಗಿಲಿಗೆ.' ಹೋದ ವರ್ಷ ಈ ಕೋಣೆ ಕಟ್ಟುವಾಗ ರೇಣವ್ವ ಬುಟ್ಟಿ ಹೊತ್ತು ನೂರು ಸಲ ಒಳಗೆ ಹೊರಗೆ ಅಡ್ಡಾಡಿದ್ದಳು. ಹೊಸ್ತಿಲು ಕೂಡಿಸಿ ಕುಂಕುಮ ಹಚ್ಚಿದ ದಿನ ಅಡ್ಡಾಟ ಬಂದ್ ಆಯಿತು.

ಬಾಗಲಕೋಟೆಯಿಂದ ಬಂದ ಸಾಹೇಬ ಮುಂಜಾನೆ ಭಾಷಣ ಬಿಗಿದಿದ್ದ. "ಇನ್ನು ಮುಂದೆ ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ. ಎಲ್ಲಾ ಆನ್‌ಲೈನ್. ಕಂಪ್ಯೂಟರಿಗೆ ಜಾತಿ ಗೊತ್ತಿಲ್ಲ. ಎಲ್ಲರೂ ಇದರ ಸದುಪಯೋಗ ಪಡೆದುಕೊಳ್ಳಿ." ಬೇವಿನ ಗಿಡದ ಆಚೆ ನಿಂತ ಕೇರಿಯವರೂ ಚಪ್ಪಾಳೆ ತಟ್ಟಿದ್ದರು.

ಸಂಜೆ ಐದರೊಳಗೆ ಫೋಟೋ, ಹೆಬ್ಬಟ್ಟು ಎರಡೂ ಮಿಷನ್ನಿನೊಳಗೆ ಹೋಗಬೇಕು. ಹೋಗದಿದ್ದರೆ ಬಡವರ ರೇಶನ್ ಪಟ್ಟಿಯಿಂದ ಹೆಸರು ಕಿತ್ತು ಹೋಗುತ್ತದೆ, ಅಕ್ಕಿ ನಿಲ್ಲುತ್ತದೆ. ರೇಣವ್ವನ ಮನೆಯಲ್ಲಿ ಎರಡು ಹೆಣ್ಣುಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಆ ಅಕ್ಕಿ ಬಿಟ್ಟರೆ ಒಲೆ ಹೊತ್ತಿಸುವ ಕೆಲಸವೇ ಇರಲಿಲ್ಲ.

ಪ್ರಭುಲಿಂಗ ಕೆಟ್ಟವನೇನಲ್ಲ, ಪುಕ್ಕಲ. ಕ್ಯಾಮೆರಾ ಹಿಡಿದು ಬಾಗಿಲ ಕಡೆ ಎಳೆದ. ವೈರು ಹೊಸ್ತಿಲಿಗೆ ಎರಡು ಮೊಳ ಮೊದಲೇ ಬಿಗಿದು ನಿಂತಿತು. ಅಲ್ಲಿಂದಲೇ ಫೋಟೋ ಹೊಡೆದ. ಹಿಂದೆ ಬಿಸಿಲು, ಪರದೆ ಮೇಲೆ ಬರೀ ಕಪ್ಪು ಮುದ್ದೆ.

"ಮಾರಿನ ಕಾಣವಲ್ದು ಅಪ್ಪಾ."

"ಇದ್ದದ್ದ ಹಂಗ ಐತಿ. ಕರೇ ಮಾರಿ ಬೆಳ್ಳಗ ಬರತೈತೇನಲೇ?" ಗೌಡ ನಕ್ಕ. ಸಾಹೇಬನೂ ನಕ್ಕ.

ಹೆಬ್ಬಟ್ಟಿನ ಗಾಜಂತೂ ಮೇಜಿಗೇ ಬಿಗಿದಿತ್ತು. ಸಾಹೇಬ ಚಹಾದ ಬಸಿ ಕೆಳಗಿಟ್ಟು ಭಾರೀ ವಿಚಾರ ಮಾಡಿದ. "ವೈರ್ ಗಿಡ್ಡ ಆಗಿದೆ. ಐದು ಮೀಟರಿನದು ಬೇಕು. ಬರೆದು ಹಾಕ್ತೀನಿ, ಮುಂದಿನ ತಿಂಗಳು ಬರುತ್ತೆ."

"ಹೆಸರು ಇವತ್ತ ಹೋಗತೈತಲ್ರಿ ಸಾಹೇಬರ?"

"ಅದು ಬೆಂಗಳೂರಿಂದ ತಾನಾಗೇ ಹೋಗುತ್ತೆ ತಾಯಿ. ನಮ್ಮ ಕೈಯಲ್ಲಿಲ್ಲ."

ರೇಣವ್ವನಿಗೆ ಅಳು ಬರಲಿಲ್ಲ. ಹೇಸಿಕೆ ಬಂತು. ಇಷ್ಟು ಓದಿದ ಗಂಡಸು ವೈರಿನ ಉದ್ದ ಎಣಿಸುತ್ತಾ ಕೂತಿದ್ದಾನಲ್ಲ, ಇವನ ಓದಿಗೆ ಬೆಂಕಿ ಹಚ್ಚಲಿ ಅನ್ನಿಸಿತು.

"ಎರಡ ಮೊಳಕ್ಕ ನಿಮಗ ತಿಂಗಳ ಬೇಕೇನ್ರಿ," ಅಂದವಳೇ ಹೊಸ್ತಿಲು ದಾಟಿ ಒಳಗೆ ಬಂದು ಕುರ್ಚಿಯ ಮೇಲೆ ಕೂತುಬಿಟ್ಟಳು.

"ಏಳ ರಂಡಿ. ಏ, ಯಾರದೀರಿ, ಒದ್ದ ಹೊರಗ ಹಾಕ್ರಿ ಈಕಿನ್ನ."

ಆಳುಗಳು ಎರಡು ಹೆಜ್ಜೆ ಬಂದು ನಿಂತರು. ಒದೆಯಬೇಕೆಂದರೆ ಮುಟ್ಟಬೇಕು. ಅಲ್ಲೇ ಮುಖ ಮುಖ ನೋಡಿಕೊಂಡರು.

"ಫೋಟೋ ತಗೀರಿ ಸಣ್ಣ ಗೌಡ್ರ. ನಾ ಏಳಾಕಿ ಅಲ್ಲ."

ಪ್ರಭುಲಿಂಗ ಅಪ್ಪನ ಕಡೆ ನೋಡದೆ ತೆಗೆದ. ಈ ಸಲ ಮುಖ ಚೆನ್ನಾಗಿಯೇ ಬಂತು. ರೇಣವ್ವ ಗಾಜಿನ ಮೇಲೆ ಹೆಬ್ಬೆರಳು ಊರಿದಳು. ಮಿಷನ್ನಿನಿಂದ ಚೀಟಿ ಹೊರಗೆ ಬಂತು. ಬಾಗಿಲ ಕಡೆ ತಿರುಗಿ ಕರೆದಳು. "ಕಾಳಪ್ಪ ಮಾಮಾ, ಬಾ ಒಳಗ. ಯಾರೂ ತಿನ್ನೂದಿಲ್ಲ."

ಮುದುಕ ಕಾಳಪ್ಪ ಒಂದು ಗಳಿಗೆ ನಿಂತ, ಬಂದ. ಅವನ ಹಿಂದೆ ಅವನ ಸೊಸೆ. ಆಮೇಲೆ ಉಳಿದವರು.

"ಎಲ್ಲಾ ತೊಳೀಬೇಕಲೇ," ಗೌಡ ಕುದಿಯುತ್ತಿದ್ದ. "ಮಿಷನ್ ಸುದ್ದಾ ಗೋಮೂತ್ರ ಹಾಕಿ ತೊಳೀಬೇಕು."

"ನೀರ ಬಿದ್ದರ ಸುಟ್ಟ ಹೋಗತೈತಿ ಅಪ್ಪಾ."

ಕೇರಿಯವರದು ಮುಗಿದಾಗ ಐದಕ್ಕೆ ಹತ್ತು ನಿಮಿಷ. ಪ್ರಭುಲಿಂಗ ಪಟ್ಟಿ ನೋಡಿ ಕೆಮ್ಮಿದ. "ಅಪ್ಪಾ, ಒಂದ ಹೆಸರ ಉಳದೈತಿ. ನಿಂದು."

ಅರವತ್ತು ಎಕರೆ ಹೊಲ, ಎರಡು ಟ್ರಾಕ್ಟರ್. ಗೌಡನ ಹೆಸರಿನಲ್ಲೂ ಒಂದು ಬಡವರ ರೇಶನ್ ಕಾರ್ಡು ಇತ್ತು. ಸಾಹೇಬ ತಲೆಯೆತ್ತಿ ಫ್ಯಾನು ನೋಡುತ್ತ ಕೂತ.

ಗಾಜಿನ ಮೇಲೆ ಹದಿನಾಲ್ಕು ಮಂದಿಯ ಬೆವರು ಜಿಡ್ಡುಗಟ್ಟಿತ್ತು. ಒರೆಸು ಎಂದು ಗೌಡ ಆಳುಗಳಿಗೆ ಸನ್ನೆ ಮಾಡಿದ. ಯಾರೂ ಅಲುಗಲಿಲ್ಲ. ಅವರಿಗೂ ಮೈಲಿಗೆಯಲ್ಲವೇ. ಕೊನೆಗೆ ಹೆಬ್ಬೆರಳ ತುದಿ ತಾಗಿಸಿ, ಕೆಂಡ ಮುಟ್ಟಿದವನ ಹಾಗೆ ಎಳೆದುಕೊಂಡ. ಮಿಷನ್ ತಗೊಳ್ಳಲಿಲ್ಲ. ಮತ್ತೆ ತಾಗಿಸಿದ. ತಗೊಳ್ಳಲಿಲ್ಲ.

ರೇಣವ್ವ ಚೀಟಿಯನ್ನು ಕುಪ್ಪಸಕ್ಕೆ ಸಿಕ್ಕಿಸಿಕೊಂಡು ಗೋಡೆಗೆ ಆನಿಕೊಂಡು ನಿಂತಿದ್ದಳು. ಮನೆಗೆ ಹೋಗುವ ಅವಸರ ಆಕೆಗೆ ಇರಲಿಲ್ಲ.

"ಗಟ್ಟ್ಯಾಗಿ ಒತ್ತರಿ ಗೌಡ್ರ," ಅಂದಳು. "ನಾವೆಲ್ಲಾ ಹಂಗ ಒತ್ತೇವಿ."